ಬಗ್ಗದ ಉಬ್ಬಸ: ಮಕ್ಕಳ ಅಸ್ತಮಾದ ಸುತ್ತಲಿನ ತಪ್ಪು ಕಲ್ಪನೆ ಮತ್ತು ವಾಸ್ತವ

"ಎಷ್ಟು ಔಷಧ ಕೊಡಿಸಿದರೂ ಈ ಮಗುವಿನ ಉಬ್ಬಸ ಬಗ್ಗುತ್ತಿಲ್ಲ" ಎನ್ನುವ ತಂದೆತಾಯಿ ನಮ್ಮ ಸುತ್ತ ಬೇಕಾದಷ್ಟು ಜನ ಇದ್ದಾರೆ. ತಿಂಗಳು ತಿಂಗಳು ಆಸ್ಪತ್ರೆ, ನಡುರಾತ್ರಿಯ ನೆಬುಲೈಸರ್, ತಪ್ಪಿಹೋದ ಪರೀಕ್ಷೆಗಳು, ರಜೆ ಹಾಕಿ ಹಾಕಿ ಕೆಲಸವನ್ನೇ ಬಿಡುವ ಯೋಚನೆಯಲ್ಲಿರುವ ಅಮ್ಮ. ಇಂಥ ಮಗು ಬಂದಾಗ ಮಕ್ಕಳ ಶ್ವಾಸಕೋಶ ತಜ್ಞರು ಒಮ್ಮೆಲೇ ಇನ್ನೊಂದು ಔಷಧ ಬರೆಯುವುದಿಲ್ಲ. ಮೊದಲು ನಾಲ್ಕು ವಿಷಯ ವಿಚಾರಿಸುತ್ತಾರೆ. ಇದು ನಿಜಕ್ಕೂ ಉಬ್ಬಸವೇ? ಬರೆದುಕೊಟ್ಟ ಔಷಧವನ್ನು ಮಗು ದಿನವೂ ತೆಗೆದುಕೊಳ್ಳುತ್ತಿದೆಯೇ? ತೆಗೆದುಕೊಂಡದ್ದು ಶ್ವಾಸಕೋಶದವರೆಗೆ ಇಳಿಯುತ್ತಿದೆಯೇ? ಮನೆಯಲ್ಲೋ ಶಾಲೆಯಲ್ಲೋ ಅದನ್ನು ಕೆರಳಿಸುವುದು ಏನಾದರೂ ಇದೆಯೇ?

ಈ ನಾಲ್ಕನ್ನು ಸರಿಪಡಿಸಿದರೆ, ಬಗ್ಗದು ಎಂದುಕೊಂಡ ಉಬ್ಬಸಗಳಲ್ಲಿ ಹೆಚ್ಚಿನವು ಬಗ್ಗುತ್ತವೆ. ಎಲ್ಲ ಸರಿಮಾಡಿದ ಮೇಲೂ ಬಗ್ಗದೆ ಉಳಿಯುವ ಮಕ್ಕಳು ಕೆಲವರೇ. ಅವರಿಗೂ ಈಗ ಚಿಕಿತ್ಸೆ ಇದೆ. ಆದರೆ ಆ ನಾಲ್ಕು ಪ್ರಶ್ನೆಗಳವರೆಗೆ ತಲುಪಲು ಬಿಡದೆ ಅಡ್ಡ ನಿಲ್ಲುವ ನಂಬಿಕೆಗಳು ನಮ್ಮ ಮನೆಗಳಲ್ಲಿ ಬಹಳ ಇವೆ. ಕ್ಲಿನಿಕ್ಕುಗಳಲ್ಲೂ ಇಲ್ಲದಿಲ್ಲ.

ತಪ್ಪು ಕಲ್ಪನೆ: "ಇದು ಉಬ್ಬಸ ಅಲ್ಲ, ಬರೀ ವೀಸಿಂಗು, ಅಲರ್ಜಿ ಕೆಮ್ಮು."

ವಾಸ್ತವ: ಮನೆಯವರು ಗಾಬರಿಯಾಗಬಾರದೆಂದು ವೈದ್ಯರು ಮೆತ್ತಗಿನ ಹೆಸರು ಹೇಳುತ್ತಾರೆ. ಮನೆಯವರೂ ಆ ಹೆಸರಿಗೇ ಅಂಟಿಕೊಳ್ಳುತ್ತಾರೆ. ಹೆಣ್ಣುಮಗುವಾದರಂತೂ "ನಾಳೆ ಮದುವೆಗೆ ತೊಂದರೆ" ಎಂದು ಇನ್ಹೇಲರನ್ನು ಬೀರುವಿನೊಳಗೆ ಬಚ್ಚಿಡುವ ಮನೆಗಳಿವೆ. ನೆಂಟರು ಬಂದ ದಿನ ಔಷಧ ತಪ್ಪುತ್ತದೆ, ಹಬ್ಬದ ಮನೆಯಲ್ಲಿ ತಪ್ಪುತ್ತದೆ, ಪ್ರವಾಸದಲ್ಲಿ ತಪ್ಪುತ್ತದೆ. ಮೈಸೂರೂ ಸೇರಿದಂತೆ ದೇಶದ ಒಂಬತ್ತು ಕಡೆ ಶಾಲಾ ಮಕ್ಕಳನ್ನೂ ಅವರ ಹೆತ್ತವರನ್ನೂ ವಿಚಾರಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಉಸಿರಾಟದಲ್ಲಿ ಸಿಳ್ಳೆಯಂಥ ಸದ್ದು ಬರುತ್ತಿದ್ದವರಲ್ಲಿ ಶೇ 82 ಮಂದಿಗೆ ಅದು ಅಸ್ತಮಾ ಎಂದು ಯಾರೂ ಗುರುತಿಸಿರಲಿಲ್ಲ. ತೀವ್ರ ಲಕ್ಷಣಗಳಿದ್ದವರಲ್ಲೂ ಶೇ 70ರಷ್ಟು ಜನರ ಕಥೆ ಅದೇ ಆಗಿತ್ತು. ಇದು ಉಬ್ಬಸ ಎಂದು ಮನೆಯವರು ಒಪ್ಪಿಕೊಳ್ಳುವ ತನಕ ದಿನವೂ ಔಷಧ ಕೊಡುವ ಮನಸ್ಸು ಬರುವುದಿಲ್ಲ.

ತಪ್ಪು ಕಲ್ಪನೆ: "ಎದೆಯಲ್ಲಿ ಸುಂಯ್‌ಗುಟ್ಟಿತೆಂದರೆ ಉಬ್ಬಸವೇ."

ವಾಸ್ತವ: ಇದು ಮೇಲಿನದಕ್ಕೆ ತದ್ವಿರುದ್ಧವಾದ ತಪ್ಪು, ಅಷ್ಟೇ ಅಪಾಯಕಾರಿ. ಕಡಲೆಕಾಯಿ ಬೀಜ ತಿನ್ನುತ್ತಾ ನಗುವಾಗಲೋ ಅಳುವಾಗಲೋ ಅದು ಶ್ವಾಸನಾಳಕ್ಕೆ ಜಾರಿದ ಮಗುವನ್ನು ನೆನೆಸಿಕೊಳ್ಳಿ. ಆ ಕ್ಷಣ ಜೋರಾಗಿ ಕೆಮ್ಮಿ, ನೆತ್ತಿ ಹತ್ತಿತೆಂದು ನೀರು ಕುಡಿಸಿ, ಎಲ್ಲರೂ ಮರೆತಿರುತ್ತಾರೆ. ವಾರಗಳ ನಂತರ ಕೆಮ್ಮು, ಸದ್ದು, ಮತ್ತೆ ಮತ್ತೆ ನ್ಯುಮೋನಿಯಾ. ಇಂಥ ಮಗು ತಿಂಗಳುಗಟ್ಟಲೆ ಉಬ್ಬಸದ ಔಷಧ ತೆಗೆದುಕೊಳ್ಳುತ್ತಲೇ ಇರುವುದುಂಟು. ಬೀಜವನ್ನು ಬ್ರಾಂಕೋಸ್ಕೋಪಿಯಿಂದ, ಅಂದರೆ ಶ್ವಾಸನಾಳದೊಳಕ್ಕೆ ಕೊಳವೆ ಇಳಿಸಿ, ತೆಗೆದ ಮೇಲೆ ಇನ್ಹೇಲರ್ ಬೇಕಾಗುವುದೇ ಇಲ್ಲ. ನಮ್ಮ ದೇಶದಲ್ಲಿ ಮಕ್ಕಳ ಶ್ವಾಸನಾಳದಿಂದ ಅತಿ ಹೆಚ್ಚು ಹೊರತೆಗೆಯುವ ವಸ್ತುಗಳಲ್ಲಿ ಕಡಲೆಬೀಜ ಮುಖ್ಯವಾದದ್ದು. ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬಾರದು ಎನ್ನುವುದು ಇದಕ್ಕೇ.

ಕ್ಷಯದಿಂದ ಊದಿದ ಗಂಟು ಶ್ವಾಸನಾಳವನ್ನು ಒತ್ತುವುದು, ಹುಟ್ಟಿನಿಂದಲೇ ಇರುವ ಶ್ವಾಸನಾಳದ ಅಥವಾ ಹೃದಯದ ದೋಷ, ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಬಂದು ಶ್ವಾಸನಾಳಕ್ಕೆ ಇಳಿಯುವುದು, ಹದಿಹರೆಯದವರಲ್ಲಿ ಧ್ವನಿತಂತುಗಳು ತಪ್ಪಾಗಿ ಮುಚ್ಚಿಕೊಳ್ಳುವುದು ಕೂಡ ಉಬ್ಬಸದ ವೇಷದಲ್ಲಿ ಬರುತ್ತವೆ. ಸದ್ದು ಎದೆಯ ಒಂದೇ ಪಕ್ಕದಲ್ಲಿದ್ದರೆ, ಹುಟ್ಟಿದ ತಿಂಗಳಿನಿಂದಲೇ ಇದ್ದರೆ, ಮಗುವಿನ ತೂಕ ಏರದಿದ್ದರೆ, ವರ್ಷವಿಡೀ ಹಸಿ ಕಫದ ಕೆಮ್ಮಿದ್ದರೆ, ಬೆರಳ ತುದಿ ದಪ್ಪವಾಗಿದ್ದರೆ ಮೊದಲ ಪ್ರಶ್ನೆಗೆ ಹಿಂತಿರುಗಬೇಕು. ಐದಾರು ವರ್ಷ ದಾಟಿದ ಮಗು ಶ್ವಾಸಕೋಶದ ಶಕ್ತಿ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಗೆ ಊದಬಲ್ಲದು. ಉಬ್ಬಸವೆಂದು ವರ್ಷಗಟ್ಟಲೆ ಚಿಕಿತ್ಸೆ ಪಡೆದ ಎಷ್ಟೋ ಮಕ್ಕಳಿಗೆ ಆ ಪರೀಕ್ಷೆ ಒಮ್ಮೆಯೂ ಆಗಿರುವುದಿಲ್ಲ.

ತಪ್ಪು ಕಲ್ಪನೆ: "ಉಬ್ಬಸದ ಮಗು ಅಂದಮೇಲೆ ರಾತ್ರಿ ಕೆಮ್ಮೋದು, ವಾರಕ್ಕೆ ಮೂರ್ನಾಲ್ಕು ಸಲ ಪಂಪ್ ಹೊಡೆಯೋದು ಇದ್ದದ್ದೇ."

ವಾಸ್ತವ: ಇದ್ದದ್ದಲ್ಲ. ಕಳೆದ ನಾಲ್ಕು ವಾರವನ್ನು ನೆನಪಿಸಿಕೊಳ್ಳಿ. ಹಗಲಿನ ತೊಂದರೆ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬಂದಿತ್ತೇ? ಉಬ್ಬಸದಿಂದ ಒಂದು ರಾತ್ರಿಯಾದರೂ ನಿದ್ದೆ ಕೆಟ್ಟಿತ್ತೇ? ತಕ್ಷಣ ಆರಾಮ ಕೊಡುವ ಇನ್ಹೇಲರ್ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಯಿತೇ? ಆಟ, ಓಟ ಕಡಿಮೆಯಾಗಿತ್ತೇ? ಆರು ವರ್ಷ ದಾಟಿದ ಮಗುವಿನಲ್ಲಿ ಇವುಗಳಲ್ಲಿ ಒಂದಕ್ಕೆ "ಹೌದು" ಎಂದರೂ ಉಬ್ಬಸ ಪೂರ್ತಿ ಹತೋಟಿಯಲ್ಲಿಲ್ಲ. ಇನ್ನೂ ಚಿಕ್ಕವರಲ್ಲಿ ಹಗಲಿನ ತೊಂದರೆಯಾಗಲಿ ಆರಾಮದ ಇನ್ಹೇಲರಾಗಲಿ ವಾರಕ್ಕೆ ಒಂದು ಸಲಕ್ಕಿಂತ ಹೆಚ್ಚಾದರೇ ಲೆಕ್ಕಕ್ಕೆ ಬರುತ್ತದೆ. ನಮ್ಮ ಮಕ್ಕಳು ಮೆಟ್ಟಿಲಲ್ಲಿ ಕೂತು ಬೇರೆಯವರ ಆಟ ನೋಡುವುದಕ್ಕೆ ಒಗ್ಗಿಹೋಗುತ್ತಾರೆ. ನಾವೂ ಅದಕ್ಕೆ ಒಗ್ಗಿ, ಮಗು ಸ್ವಭಾವತಃ ಮೆತ್ತಗೆ ಎಂದುಕೊಳ್ಳುತ್ತೇವೆ.

ತಪ್ಪು ಕಲ್ಪನೆ: "ಇನ್ಹೇಲರ್ ಕೊನೆಯ ಅಸ್ತ್ರ, ಒಮ್ಮೆ ಶುರುಮಾಡಿದರೆ ಚಟವಾಗುತ್ತದೆ."

ವಾಸ್ತವ: ಮೊದಲ ಔಷಧವೇ ಇನ್ಹೇಲರ್. ಚಟ ಹಿಡಿಸುವ ಗುಣ ಅದಕ್ಕಿಲ್ಲ. ಆದರೆ ಇನ್ಹೇಲರ್ ಎನ್ನುವುದು ಒಂದೇ ಔಷಧವಲ್ಲ. ಸಾಲ್ಬುಟಮಾಲ್ ತುಂಬಿದ್ದು ಬಿಗಿದ ಶ್ವಾಸನಾಳವನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ, ನಾಲ್ಕೈದು ತಾಸಿನಲ್ಲಿ ಅದರ ಕೆಲಸ ಮುಗಿಯುತ್ತದೆ. ಶ್ವಾಸನಾಳದ ಒಳಪದರದ ಉರಿಯೂತ ಮಾತ್ರ ಬೂದಿ ಮುಚ್ಚಿದ ಕೆಂಡದ ಹಾಗೆ ಹಾಗೇ ಇರುತ್ತದೆ. ಅದನ್ನು ಆರಿಸುವುದು ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಇನ್ಹೇಲರ್. ಅದನ್ನು ಕೊಟ್ಟ ತಕ್ಷಣ ಕಣ್ಣಿಗೆ ಕಾಣುವ ಬದಲಾವಣೆ ಇರುವುದಿಲ್ಲ, ದಿನಗಳು, ವಾರಗಳು ಬೇಕು. ಹಾಗಾಗಿ ಮನೆಯವರ ನಂಬಿಕೆ ತಟ್ಟನೆ ಆರಾಮ ಕೊಡುವುದರ ಮೇಲೆ ನಿಲ್ಲುತ್ತದೆ, ನಿಜವಾದ ಚಿಕಿತ್ಸೆ ಮೂಲೆಗೆ ಸೇರುತ್ತದೆ.

ಇದರ ಬೆಲೆ ಏನೆಂಬುದನ್ನು ಬ್ರಿಟನ್ ಲೆಕ್ಕ ಹಾಕಿ ನೋಡಿತು. ಅಸ್ತಮಾದಿಂದ ಸತ್ತ 195 ಜನರ ದಾಖಲೆಗಳನ್ನು ಒಂದೊಂದಾಗಿ ಪರಿಶೀಲಿಸಿದ ವರದಿ 2014ರಲ್ಲಿ ಹೊರಬಂತು. ಅವರಲ್ಲಿ 28 ಮಂದಿ ಇಪ್ಪತ್ತು ತುಂಬದವರು. ತಕ್ಷಣದ ಆರಾಮದ ಇನ್ಹೇಲರ್ ಬಳಸುತ್ತಿದ್ದವರಲ್ಲಿ ಶೇ 39 ಜನ ಸಾಯುವ ಹಿಂದಿನ ವರ್ಷದಲ್ಲಿ ಅಂಥ 12ಕ್ಕಿಂತ ಹೆಚ್ಚು ಇನ್ಹೇಲರ್ ಬರೆಸಿಕೊಂಡಿದ್ದರು. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸೌಮ್ಯ ಇಲ್ಲವೇ ಮಧ್ಯಮ ಅಸ್ತಮಾದವರೆಂದು ಚಿಕಿತ್ಸೆ ಪಡೆಯುತ್ತಿದ್ದವರು. ಆರಾಮದ ಇನ್ಹೇಲರೊಂದನ್ನೇ ನಂಬಿ ಕೂರಬಾರದು ಎಂದು ಅಸ್ತಮಾದ ಜಾಗತಿಕ ಮಾರ್ಗಸೂಚಿ 2019ರಿಂದ ಹನ್ನೆರಡು ದಾಟಿದವರ ವಿಷಯದಲ್ಲಿ ಸ್ಪಷ್ಟವಾಗಿ ಹೇಳುತ್ತಿದೆ. ಆರರಿಂದ ಹನ್ನೊಂದರ ಮಕ್ಕಳಿಗೂ ಅದರ ಜೊತೆ ಸ್ಟೀರಾಯ್ಡ್ ಇನ್ಹೇಲರ್ ಇರಲೇಬೇಕು ಎನ್ನುತ್ತದೆ. ಮಗುವಿಗೆ ವರ್ಷದಲ್ಲಿ 200 ಪಫ್‌ಗಳ ಮೂರು ಸಾಲ್ಬುಟಮಾಲ್ ಡಬ್ಬಿ ಖಾಲಿಯಾದರೆ ಔಷಧದಂಗಡಿಗೆ ನಾಲ್ಕನೆಯದಕ್ಕೆ ಹೋಗುವ ಮುಂಚೆ ವೈದ್ಯರ ಬಳಿ ಹೋಗಿ.

ತಪ್ಪು ಕಲ್ಪನೆ: "ಸ್ಟೀರಾಯ್ಡ್ ಅಂದರೆ ಮಗು ಕುಳ್ಳಾಗುತ್ತದೆ, ಮುಖ ಊದುತ್ತದೆ."

ವಾಸ್ತವ: ಈ ಭಯ ಸುಳ್ಳಿನ ಮೇಲೆ ನಿಂತದ್ದಲ್ಲ, ಅಳತೆ ತಪ್ಪಿದ್ದು. ಅಮೆರಿಕ ಮತ್ತು ಕೆನಡಾದಲ್ಲಿ 5ರಿಂದ 12 ವರ್ಷದ 1,041 ಮಕ್ಕಳನ್ನು ಸೇರಿಸಿಕೊಂಡು, ಕೆಲವರಿಗೆ ನಾಲ್ಕಾರು ವರ್ಷ ದಿನವೂ 400 ಮೈಕ್ರೊಗ್ರಾಂ ಬುಡೆಸೊನೈಡ್ ಕೊಟ್ಟು, ಅವರು ದೊಡ್ಡವರಾಗುವ ತನಕ ಎತ್ತರ ಅಳೆದರು. 2012ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಈ ಔಷಧ ತೆಗೆದುಕೊಂಡವರ ಎತ್ತರ ಔಷಧವಿಲ್ಲದ ಹುಸಿ ಇನ್ಹೇಲರ್ ಪಡೆದವರಿಗಿಂತ ಸರಾಸರಿ 1.2 ಸೆಂಟಿಮೀಟರ್ ಕಡಿಮೆ. ಆ ವ್ಯತ್ಯಾಸ ಮೊದಲ ಒಂದೆರಡು ವರ್ಷದಲ್ಲೇ ಬಂದು ನಿಂತಿತು, ವರ್ಷ ಕಳೆದಂತೆ ಬೆಳೆಯಲಿಲ್ಲ. ಉಸಿರಿಗೆ ಒದ್ದಾಡುತ್ತಾ, ನಿದ್ದೆಗೆಟ್ಟು, ಊಟ ಸೇರದೆ ಬೆಳೆಯುವ ಮಗುವಿನ ಎತ್ತರವೂ ಕುಗ್ಗುತ್ತದೆ ಎನ್ನುವುದನ್ನು ಇದರ ಪಕ್ಕಕ್ಕಿಡಬೇಕು.

ಮುಖ ಊದಿಸುವುದು, ಮೂಳೆ ಸವೆಸುವುದು ಹೆಚ್ಚಾಗಿ ಬಾಯಿಯಿಂದ ಕೊಡುವ ಸ್ಟೀರಾಯ್ಡ್. ಇಪ್ಪತ್ತು ಕಿಲೋ ತೂಕದ ಮಗುವಿಗೆ ಉಬ್ಬಸ ಏರಿದಾಗ ದಿನಕ್ಕೆ 20 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಕೊಡುವುದು ಸಾಮಾನ್ಯ. ಅಂದರೆ 20,000 ಮೈಕ್ರೊಗ್ರಾಂ. ಇನ್ಹೇಲರಿನಲ್ಲಿ ಅದೇ ಮಗುವಿಗೆ ದಿನಕ್ಕೆ 200 ಮೈಕ್ರೊಗ್ರಾಂ ಸಾಕಾಗಬಹುದು. ಎರಡೂ ಬೇರೆ ಔಷಧ, ಶಕ್ತಿಯೂ ಬೇರೆ, ತೂಕಕ್ಕೆ ತೂಕ ಹೋಲಿಸುವಂತಿಲ್ಲ ನಿಜ. ಆದರೂ ಇನ್ಹೇಲರಿಗೆ ಹೆದರಿ ವರ್ಷಕ್ಕೆ ನಾಲ್ಕೈದು ಸಲ ಸ್ಟೀರಾಯ್ಡ್ ಸಿರಪ್ಪು, ಇಂಜೆಕ್ಷನ್ನು ಕೊಡಿಸುವವರು ಯಾವುದಕ್ಕೆ ಹೆದರಿದ್ದರೋ ಅದನ್ನೇ ಮಗುವಿನ ಮೈಗೆ ತುಂಬುತ್ತಿರುತ್ತಾರೆ. ಇದನ್ನು ನೋಡುವಾಗ ನನಗೆ ಸಂಕಟವಾಗುತ್ತದೆ.

ಹೆಚ್ಚಿನ ಪ್ರಮಾಣದ ಇನ್ಹೇಲರನ್ನು ತಿಂಗಳುಗಟ್ಟಲೆ ಕೊಡುವಾಗ ಮಾತ್ರ ಎಚ್ಚರ ಬೇಕೇ ಬೇಕು. ಅದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಕೆಲಸವನ್ನು ಕುಗ್ಗಿಸಬಹುದು. ಆದ್ದರಿಂದ ಉಬ್ಬಸ ಎರಡು ಮೂರು ತಿಂಗಳು ಹತೋಟಿಯಲ್ಲಿದ್ದರೆ ವೈದ್ಯರು ಪ್ರಮಾಣವನ್ನು ಮೆಟ್ಟಿಲಿಳಿದಂತೆ ಇಳಿಸುತ್ತಾರೆ, ಮಗುವಿನ ಎತ್ತರ ಅಳೆಯುತ್ತಿರುತ್ತಾರೆ. ನಾವಾಗಿ ಒಮ್ಮೆಲೇ ನಿಲ್ಲಿಸಬಾರದು. "ಆರಾಮಾಗಿದೆಯಲ್ಲ" ಎಂದು ಬೇಸಿಗೆಯಲ್ಲಿ ನಿಲ್ಲಿಸಿದ ಮಕ್ಕಳೇ, ಶಾಲೆ ತೆರೆದು ಮಳೆ ಹಿಡಿದು ಮನೆಮನೆಯಲ್ಲೂ ನೆಗಡಿ ಶುರುವಾದಾಗ ಆಸ್ಪತ್ರೆಯ ಬೆಂಚಿನ ಮೇಲೆ ಸಿಗುತ್ತಾರೆ. ನೆಗಡಿ ತರುವ ವೈರಸ್ಸೇ ಮಕ್ಕಳ ಉಬ್ಬಸವನ್ನು ಏರಿಸುವವುಗಳಲ್ಲಿ ಮೊದಲನೆಯದು.

ತಪ್ಪು ಕಲ್ಪನೆ: "ದಿನಾ ಹಾಕ್ತೀವಿ, ಹೇಗೆ ಹಾಕಬೇಕು ಅಂತ ಗೊತ್ತು."

ವಾಸ್ತವ: ಹತೋಟಿಗೆ ಬಾರದ ಉಬ್ಬಸದ ಗುಟ್ಟು ಹೆಚ್ಚಾಗಿ ಅಡಗಿರುವುದು ಇಲ್ಲಿ. ಇನ್ಹೇಲರಿಗೆ ಎಣಿಕೆಯ ಯಂತ್ರ ಜೋಡಿಸಿ ನೋಡಿದ ಅಧ್ಯಯನಗಳಲ್ಲಿ, ಮಕ್ಕಳು ತೆಗೆದುಕೊಂಡದ್ದು ಬರೆದುಕೊಟ್ಟದ್ದರ ಸುಮಾರು ಅರ್ಧ. ಹೆತ್ತವರು ಹೇಳಿದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಅವರು ಸುಳ್ಳು ಹೇಳಿದ್ದಲ್ಲ. ಬೆಳಿಗ್ಗೆ ಸ್ಕೂಲ್ ವ್ಯಾನಿನ ಹಾರ್ನ್ ಕೇಳುತ್ತಿರುವಾಗ "ಹಾಕ್ಕೊಂಡ್ಯಾ?" ಎಂದು ಒಳಗಿನಿಂದ ಕೂಗಿದರೆ "ಹೂಂ" ಎನ್ನುವ ಉತ್ತರ ಬರುತ್ತದೆ. ಹತ್ತು ಹನ್ನೊಂದು ವರ್ಷದ ಮಗುವಾದರೂ ದೊಡ್ಡವರು ಎದುರು ನಿಂತು ಕೊಡಬೇಕು. ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲೇ ಇನ್ಹೇಲರ್ ಇಟ್ಟರೆ ಎರಡು ಹೊತ್ತೂ ನೆನಪಾಗುತ್ತದೆ, ಸ್ಟೀರಾಯ್ಡ್ ತೆಗೆದುಕೊಂಡ ಮೇಲೆ ಮಾಡಬೇಕಾದ ಬಾಯಿ ಮುಕ್ಕಳಿಸುವ ಕೆಲಸವೂ ತಾನಾಗಿ ಆಗುತ್ತದೆ.

ಇನ್ನು ವಿಧಾನ. ಒತ್ತುವ ಡಬ್ಬಿಯ ಇನ್ಹೇಲರನ್ನು ಮಕ್ಕಳಿಗೆ ಸ್ಪೇಸರ್ (ಡಬ್ಬಿಗೂ ಬಾಯಿಗೂ ನಡುವೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ) ಇಲ್ಲದೆ ಕೊಡಲೇಬಾರದು. ನೇರವಾಗಿ ಬಾಯಿಗೆ ಒತ್ತಿದರೆ ಔಷಧದ ಹೆಚ್ಚಿನ ಪಾಲು ಗಂಟಲಿಗೆ ಬಡಿದು ಹೊಟ್ಟೆ ಸೇರುತ್ತದೆ. ಮೂರು ನಾಲ್ಕು ವರ್ಷದವರೆಗೆ ಸ್ಪೇಸರಿಗೆ ಮಾಸ್ಕ್ ಬೇಕು, ಅದು ಮೂಗು ಬಾಯಿ ಎರಡನ್ನೂ ಸಂದಿಲ್ಲದಂತೆ ಮುಚ್ಚಬೇಕು. ಡಬ್ಬಿ ಕುಲುಕಿ, ಒಂದು ಸಲ ಒತ್ತಿ, ಮಗು ಐದಾರು ಸಲ ನಿಧಾನವಾಗಿ ಉಸಿರಾಡುವ ತನಕ ಕಾಯಬೇಕು. ಎರಡನೆಯ ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ, ಮತ್ತೆ ಒಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಒಳಗೆ ಸೇರುವುದು ಕಡಿಮೆಯೇ. ಮಗು ಚೀರಿ ಅಳುತ್ತಿದ್ದರೆ ಔಷಧ ಶ್ವಾಸಕೋಶಕ್ಕೆ ಇಳಿಯುವುದಿಲ್ಲ. ಅದಕ್ಕೇ ಔಷಧ ಬೇಡದ ಹೊತ್ತಿನಲ್ಲಿ ಮಾಸ್ಕನ್ನು ಆಟಕ್ಕೆ ಕೊಟ್ಟು, ಗೊಂಬೆಗೆ ಹಾಕಿಸಿ ಅಭ್ಯಾಸ ಮಾಡಿಸುವ ತಾಯಂದಿರು ಗೆಲ್ಲುತ್ತಾರೆ. ಸ್ಪೇಸರನ್ನು ಸೋಪಿನ ನೀರಿನಲ್ಲಿ ತೊಳೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ತಿಕ್ಕಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಾಯೀ ವಿದ್ಯುತ್ ಹುಟ್ಟಿ ಔಷಧದ ಕಣಗಳು ಗೋಡೆಗೇ ಅಂಟುತ್ತವೆ. ಡಬ್ಬಿ ಖಾಲಿಯಾಯಿತೇ ಎಂದು ನೀರಿನಲ್ಲಿ ತೇಲಿಸಿ ನೋಡುವ ಪದ್ಧತಿ ನಂಬುವಂಥದ್ದಲ್ಲ. ಔಷಧ ಮುಗಿದ ಮೇಲೂ ಗಾಳಿ ಬರುತ್ತಲೇ ಇರುತ್ತದೆ. ಎಣಿಕೆ ತೋರಿಸುವ ಡಬ್ಬಿ ಸಿಕ್ಕರೆ ಅದನ್ನೇ ಕೊಳ್ಳಿ, ಇಲ್ಲವಾದರೆ ಶುರುಮಾಡಿದ ದಿನಾಂಕವನ್ನು ಡಬ್ಬಿಯ ಮೇಲೆ ಬರೆದಿಡಿ.

ಪುಡಿ ಎಳೆದುಕೊಳ್ಳುವ ರೋಟಾಹೇಲರಿಗೆ ಜೋರಾದ ಉಸಿರು ಬೇಕು, ಐದಾರು ವರ್ಷದೊಳಗಿನವರಿಗೆ ಅದು ಆಗದ ಕೆಲಸ. ಅದರ ಕ್ಯಾಪ್ಸೂಲನ್ನು ಮಾತ್ರೆಯೆಂದು ನುಂಗಿಸಿದ ಮನೆಗಳೂ ಇವೆ. ಬರೆದುಕೊಟ್ಟವರು ತೋರಿಸಿಕೊಡಬೇಕಿತ್ತು, ತೋರಿಸಿರುವುದಿಲ್ಲ. ಹಾಗಾಗಿ ಪ್ರತಿ ಭೇಟಿಯಲ್ಲೂ ವೈದ್ಯರ ಅಥವಾ ನರ್ಸಿನ ಎದುರಿಗೇ ಮಗುವಿಗೆ ಔಷಧ ಕೊಟ್ಟು ತೋರಿಸಿ, ತಪ್ಪಿದ್ದರೆ ತಿದ್ದಿಸಿಕೊಳ್ಳಿ. ಕೇಳಲು ಸಂಕೋಚ ಬೇಡ.

ತಪ್ಪು ಕಲ್ಪನೆ: "ನೆಬುಲೈಸರೇ ಪವರ್‌ಫುಲ್."

ವಾಸ್ತವ: ಜೀವಕ್ಕೆ ಅಪಾಯವಿರುವಂಥ ಉಬ್ಬಸವನ್ನು ಬಿಟ್ಟರೆ, ಸ್ಪೇಸರಿನ ಮೂಲಕ ಸರಿಯಾಗಿ ಕೊಟ್ಟ ಸಾಲ್ಬುಟಮಾಲ್ ನೆಬುಲೈಸರಿನಷ್ಟೇ ಕೆಲಸ ಮಾಡುತ್ತದೆ. ಕರೆಂಟು ಬೇಡ, ಚೀಲದಲ್ಲಿ ಹಿಡಿಯುತ್ತದೆ, ಎದೆ ಹೊಡೆದುಕೊಳ್ಳುವುದೂ ಕಡಿಮೆ. ಮನೆಯಲ್ಲಿ ನೆಬುಲೈಸರ್ ಇದ್ದರೆ ಇನ್ನೊಂದು ಅಪಾಯ: ಮೇಲಿಂದ ಮೇಲೆ ಇಡುತ್ತಾ ಆಸ್ಪತ್ರೆಗೆ ಹೊರಡುವುದು ತಡವಾಗುತ್ತದೆ.

ತಪ್ಪು ಕಲ್ಪನೆ: "ಬಾಳೆಹಣ್ಣು, ಮೊಸರು, ಕಿತ್ತಳೆ ಬಿಡಿಸಿದರೆ ಅರ್ಧ ವಾಸಿ."

ವಾಸ್ತವ: ಆಹಾರದ ಅಲರ್ಜಿಯಿಂದ ಉಬ್ಬಸ ಬರುವ ಮಕ್ಕಳಿದ್ದಾರೆ, ಆದರೆ ಕಡಿಮೆ. ಅವರಲ್ಲಿ ಹೆಚ್ಚಾಗಿ ಮೈಮೇಲೆ ದದ್ದು, ತುಟಿ ಊತ, ವಾಂತಿಯೂ ಬರುತ್ತದೆ. ನಿರ್ದಿಷ್ಟ ತಿನಿಸು ತಿಂದಾಗೆಲ್ಲ ತೊಂದರೆಯಾಗುತ್ತಿದ್ದರೆ ಅದನ್ನು ಬಿಡಿಸಿ. ಸುಮ್ಮನೆ "ತಂಪು" ಎಂದು ಹಣ್ಣು, ಹಾಲು, ಮೊಸರೆಲ್ಲ ತಪ್ಪಿಸಿದರೆ ಮಗು ಸೊರಗುತ್ತದೆ, ಉಬ್ಬಸ ಅಲ್ಲೇ ಇರುತ್ತದೆ.

ತಪ್ಪು ಕಲ್ಪನೆ: "ಮನೆಯಲ್ಲಿ ಯಾರೂ ಸಿಗರೇಟು ಸೇದಲ್ಲ, ಹೊಗೆ ಎಲ್ಲಿಂದ?"

ವಾಸ್ತವ: ಎಣ್ಣೆನೀರು ಹಾಕಿ ಕೂಸಿಗೆ ಹಿಡಿಯುವ ಸಾಂಬ್ರಾಣಿ ಹೊಗೆ, ದೇವರ ಮನೆಯ ಊದುಬತ್ತಿ, ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಉರಿಯುವ ಸೊಳ್ಳೆಬತ್ತಿ, ಬಚ್ಚಲೊಲೆ, ಮೆಣಸಿನಕಾಯಿ ಒಗ್ಗರಣೆಯ ಘಾಟು, ಬೀದಿ ಕೊನೆಯಲ್ಲಿ ಕಸಕ್ಕೆ ಇಟ್ಟ ಬೆಂಕಿ. ಅಜ್ಜ ಹಿತ್ತಲಲ್ಲಿ ಬೀಡಿ ಸೇದಿ ಬಂದು ಮಗುವನ್ನು ಎತ್ತಿಕೊಂಡರೂ ಆ ಬಟ್ಟೆಯಲ್ಲಿ ಹೊಗೆಯ ಅಂಶ ಇರುತ್ತದೆ. ಪೂಜೆ ನಿಲ್ಲಿಸಬೇಕಿಲ್ಲ, ದೀಪ ಹಚ್ಚಿದರೆ ಸಾಕು. ಸೊಳ್ಳೆಗೆ ಪರದೆ ಕಟ್ಟಿ. ಹಾಸಿಗೆ ಧೂಳಿನಲ್ಲಿ ಬದುಕುವ ಕಣ್ಣಿಗೆ ಕಾಣದ ನುಸಿ, ಜಿರಳೆ, ಖಾಲಿ ಸೈಟಿನಲ್ಲಿ ಬೆಳೆದ ಕಾಂಗ್ರೆಸ್ ಗಿಡದ ಪರಾಗ ಇವೂ ಕೆಲವು ಮಕ್ಕಳಿಗೆ ಆಗುವುದಿಲ್ಲ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದು ಒಳ್ಳೆಯದು. ಇವು ಔಷಧದ ಜೊತೆಗೆ ಮಾಡಬೇಕಾದವು, ಔಷಧದ ಬದಲಿಗೆ ಅಲ್ಲ.

ಬಾಗಿಲಾಚೆಯ ಗಾಳಿ ನಮ್ಮ ಕೈಯಲ್ಲಿಲ್ಲ, ಆದರೆ ಅದರ ಪಾಲು ಸಣ್ಣದಲ್ಲ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ 20,000 ಮಕ್ಕಳ ದಾಖಲೆ ನೋಡಿದಾಗ ಅಸ್ತಮಾ ಇದ್ದವರು 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5 ಆಗಿತ್ತು. ಲಂಡನ್ನಿನಲ್ಲಿ ದಟ್ಟ ವಾಹನಗಳ ರಸ್ತೆಯ ಹತ್ತಿರ ಬೆಳೆದ ಎಲಾ ಅಡೂ ಕಿಸ್ಸಿ ಡೆಬ್ರಾ ಎಂಬ ಹುಡುಗಿ ತೀವ್ರ ಅಸ್ತಮಾದಿಂದ ಮತ್ತೆ ಮತ್ತೆ ಆಸ್ಪತ್ರೆ ಸೇರಿ 2013ರ ಫೆಬ್ರುವರಿಯಲ್ಲಿ ತೀರಿಕೊಂಡಳು. ಅವಳಿಗೆ ಒಂಬತ್ತು ವರ್ಷ. ತಾಯಿ ಬಿಡದೆ ಹೋರಾಡಿದ ಮೇಲೆ 2020ರ ಡಿಸೆಂಬರಿನಲ್ಲಿ ಅವಳ ಸಾವಿಗೆ ವಾಯುಮಾಲಿನ್ಯವೂ ಕಾರಣ ಎಂದು ವಿಚಾರಣಾಧಿಕಾರಿ ದಾಖಲಿಸಿದರು. ಗಾಳಿಯ ಅಪಾಯದ ಬಗ್ಗೆ ಆ ತಾಯಿಗೆ ಯಾರೂ ತಿಳಿಸಿರಲಿಲ್ಲ ಎಂಬುದನ್ನೂ ಅವರು ಗುರುತಿಸಿದರು. ನಮ್ಮಲ್ಲಿ ಅಷ್ಟು ಸಲ ಆಸ್ಪತ್ರೆ ಸೇರುವ ಮಗುವಿನ ಮನೆ ಯಾವ ರಸ್ತೆಯ ಪಕ್ಕದಲ್ಲಿದೆ ಎಂದು ಕೇಳುವವರು ಎಷ್ಟು ಮಂದಿ?

ತಪ್ಪು ಕಲ್ಪನೆ: "ಹೈದರಾಬಾದಿನ ಮೀನು ನುಂಗಿಸಿದರೆ ಬುಡಸಮೇತ ಹೋಗುತ್ತದೆ."

ವಾಸ್ತವ: ಮೃಗಶಿರಾ ಮಳೆ ಹೂಡುವ ಹೊತ್ತಿಗೆ ಕರ್ನಾಟಕದಿಂದಲೂ ಜನ ಮಕ್ಕಳನ್ನು ಕಟ್ಟಿಕೊಂಡು ಹೋಗುತ್ತಾರೆ. ಜೀವಂತ ಮೀನಿನ ಬಾಯಿಗೆ ಮದ್ದಿಟ್ಟು ನುಂಗಿಸುವ ಈ ಪದ್ಧತಿಯಿಂದ ಉಬ್ಬಸ ವಾಸಿಯಾಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಉಸಿರಿಗೆ ಕಷ್ಟಪಡುವ ಮಗುವಿನ ಗಂಟಲಿಗೆ ಮೀನು ಇಳಿಸುವುದೂ ಜೂನ್ ತಿಂಗಳ ನೂಕುನುಗ್ಗಲೂ ಅದಕ್ಕೆ ಒಳ್ಳೆಯದಲ್ಲ. ಹೆಸರಿಲ್ಲದ ಪೊಟ್ಟಣದ ಪುಡಿಗಳದ್ದು ಬೇರೆ ಅಪಾಯ. ಎರಡೇ ದಿನದಲ್ಲಿ ಅದ್ಭುತ ಆರಾಮ ಸಿಕ್ಕಿ, ತಿಂಗಳಲ್ಲಿ ಮುಖ ದುಂಡಗಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ತುಳಸಿ, ಶುಂಠಿ ಕಷಾಯದಿಂದ ಗಂಟಲಿಗೆ ಹಿತವಾಗುತ್ತದೆ, ಕೊಡಿ. ಒಂದು ವರ್ಷ ದಾಟಿದ ಮಗುವಾದರೆ ಜೇನೂ ಆಗಬಹುದು. ಅದರಿಂದ ಇನ್ಹೇಲರ್ ತಪ್ಪದಿದ್ದರಾಯಿತು.

ತಪ್ಪು ಕಲ್ಪನೆ: "ಆಟ ಬೇಡ, ಓಟ ಬೇಡ."

ವಾಸ್ತವ: ಹತೋಟಿಯಲ್ಲಿರುವ ಮಗು ಎಲ್ಲ ಆಟ ಆಡಬಹುದು. ಹದಿನಾಲ್ಕರಲ್ಲಿ ಅಸ್ತಮಾ ಪತ್ತೆಯಾದ ಪೌಲಾ ರ‍್ಯಾಡ್‌ಕ್ಲಿಫ್ 2003ರಲ್ಲಿ ಲಂಡನ್ ಮ್ಯಾರಥಾನನ್ನು ವಿಶ್ವದಾಖಲೆಯಲ್ಲಿ ಓಡಿ ಮುಗಿಸಿದರು. ಓಡಿದಾಗೆಲ್ಲ ಎದೆ ಕಟ್ಟುತ್ತಿದ್ದರೆ ಆಟ ಬಿಡಿಸುವ ಬದಲು ದಿನದ ಔಷಧ ಸಾಲುತ್ತಿದೆಯೇ ಎಂದು ನೋಡಬೇಕು. ಶಾಲೆಯ ಚೀಲದಲ್ಲಿ ಇನ್ಹೇಲರ್, ಸ್ಪೇಸರ್ ಇರಲಿ, ತರಗತಿಯ ಟೀಚರಿಗೆ ತಿಳಿದಿರಲಿ.

ತಪ್ಪು ಕಲ್ಪನೆ: "ದೊಡ್ಡವರಾದಂತೆ ತಾನೇ ಹೋಗುತ್ತದೆ."

ವಾಸ್ತವ: ನೆಗಡಿಯಾದಾಗ ಮಾತ್ರ ಸುಂಯ್‌ಗುಡುವ ಪುಟ್ಟ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಆರರ ಹೊತ್ತಿಗೆ ಹೋಗುತ್ತದೆ. ತೀವ್ರ ಉಬ್ಬಸದವರ ಮಾತು ಬೇರೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 1960ರ ದಶಕದಿಂದ ಮಕ್ಕಳನ್ನು ಐವತ್ತು ವರ್ಷದವರಾಗುವ ತನಕ ಗಮನಿಸಿದರು. ಬಾಲ್ಯದಲ್ಲಿ ತೀವ್ರ ಅಸ್ತಮಾ ಇದ್ದವರಲ್ಲಿ ಐವತ್ತರ ವೇಳೆಗೆ ಅದರಿಂದ ಪಾರಾದವರು ಶೇ 15ರಷ್ಟು ಮಾತ್ರ.

ತಪ್ಪು ಕಲ್ಪನೆ: "ಸದ್ದು ನಿಂತಿತು, ಕಡಿಮೆಯಾಯಿತು."

ವಾಸ್ತವ: ಮಗು ಗೆಲುವಾಗಿ ಸದ್ದು ನಿಂತರೆ ಸರಿ. ಮಗು ಸೋತು ಸದ್ದು ನಿಂತರೆ, ಸದ್ದು ಮಾಡುವಷ್ಟು ಗಾಳಿಯೂ ಒಳಗೆ ಓಡಾಡುತ್ತಿಲ್ಲ ಎಂದರ್ಥ. ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ಕೂಸು ಹಾಲು ಹೀರಲಾಗದಿದ್ದರೆ, ಉಸಿರೆಳೆದಾಗ ಪಕ್ಕೆ, ಗಂಟಲ ಗುಳಿ ಒಳಸೆಳೆದರೆ, ತುಟಿ ನೀಲಿಗಟ್ಟಿದರೆ, ಮಂಪರು ಕವಿದರೆ, ಆಕ್ಸಿಮೀಟರ್ 92ಕ್ಕಿಂತ ಕೆಳಗೆ ತೋರಿಸಿದರೆ ಆ ಕ್ಷಣವೇ 108ಕ್ಕೆ ಕರೆಮಾಡಿ. ಆಂಬುಲೆನ್ಸ್ ಬರುವ ತನಕ, ದಾರಿಯಲ್ಲೂ, ಸ್ಪೇಸರಿನಲ್ಲಿ ಸಾಲ್ಬುಟಮಾಲನ್ನು ಒಂದೊಂದೇ ಪಫ್ ಕೊಡುತ್ತಿರಿ, ಮಗುವನ್ನು ಕೂರಿಸಿಕೊಂಡಿರಿ. ಎಷ್ಟು ಪಫ್, ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ವೈದ್ಯರಿಂದ ಮುಂಚೆಯೇ ಒಂದು ಹಾಳೆಯಲ್ಲಿ ಬರೆಸಿಕೊಂಡು ಫ್ರಿಜ್ಜಿನ ಮೇಲೆ ಅಂಟಿಸಿಡಿ. ಬ್ರಿಟನ್ನಿನ ಆ 195 ಜನರಲ್ಲಿ ಶೇ 45 ಮಂದಿ ಸತ್ತದ್ದು ವೈದ್ಯಕೀಯ ನೆರವು ಕೇಳುವ ಮುಂಚೆ ಅಥವಾ ಅದು ಸಿಗುವ ಮುಂಚೆ.

ತಪ್ಪು ಕಲ್ಪನೆ: "ಎಲ್ಲ ಆಯಿತು, ಇನ್ನು ಮಾಡುವುದಕ್ಕೆ ಏನೂ ಉಳಿದಿಲ್ಲ."

ವಾಸ್ತವ: ರೋಗ ಖಚಿತವಾಗಿ, ಔಷಧ ತಪ್ಪದೆ, ವಿಧಾನ ಸರಿಯಾಗಿ, ಹೊಗೆ ದೂರವಾಗಿ, ಮೂಗಿನ ಅಲರ್ಜಿಗೂ ಅತಿತೂಕಕ್ಕೂ ಚಿಕಿತ್ಸೆ ನಡೆದು, ಆಗಲೂ ಬಗ್ಗದೆ ಉಳಿದದ್ದನ್ನು ಮಾತ್ರ ವೈದ್ಯರು ತೀವ್ರ ಅಸ್ತಮಾ ಎನ್ನುತ್ತಾರೆ. ಈ ಮಕ್ಕಳಿಗೆ ಬಯಾಲಜಿಕ್ಸ್ ಎಂಬ ಇಂಜೆಕ್ಷನ್ನುಗಳಿವೆ. ಅಲರ್ಜಿಯ ಐಜಿಇ ಪ್ರತಿಕಾಯವನ್ನು ಹಿಡಿದು ನಿಲ್ಲಿಸುವ ಒಮಾಲಿಜುಮ್ಯಾಬನ್ನು ಆರು ವರ್ಷದಿಂದ ಕೊಡಬಹುದು, ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಚರ್ಮದಡಿಗೆ. ಮೆಪೊಲಿಜುಮ್ಯಾಬ್, ಡ್ಯುಪಿಲುಮ್ಯಾಬ್ ಕೂಡ ಆರು ದಾಟಿದವರಿಗೆ ಅನುಮೋದನೆ ಪಡೆದಿವೆ. ರಕ್ತ ಪರೀಕ್ಷೆ ನೋಡಿ ಯಾವ ಮಗುವಿಗೆ ಯಾವುದು ಎಂದು ತಜ್ಞರೇ ತೀರ್ಮಾನಿಸಬೇಕು. ಎಲ್ಲರಿಗೂ ಹೊಂದುವುದಿಲ್ಲ, ರೋಗವನ್ನು ಬೇರುಸಹಿತ ಕೀಳುವುದೂ ಇಲ್ಲ. ಬೆಲೆ ತಿಂಗಳಿಗೆ ಹಲವು ಸಾವಿರ ರೂಪಾಯಿ, ಬಹಳಷ್ಟು ಮನೆಗಳಿಗೆ ನಿಲುಕದ್ದು. ಮೊದಲ ನಾಲ್ಕು ಪ್ರಶ್ನೆ ಮುಗಿಸದೆ ಇಲ್ಲಿಗೆ ನೆಗೆಯಬಾರದು ಎನ್ನುವುದಕ್ಕೆ ಅದೂ ಒಂದು ಕಾರಣ.

ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಾಗಲಿ, ನಿಮ್ಮ ಜಿಲ್ಲೆಯ ವೈದ್ಯಕೀಯ ಕಾಲೇಜಿನ ಮಕ್ಕಳ ವಿಭಾಗಕ್ಕಾಗಲಿ ಮೊದಲ ಸಲ ಹೊರಟಾಗ ಚೀಲದಲ್ಲಿ ಇಷ್ಟಿರಲಿ: ಮನೆಯಲ್ಲಿರುವ ಎಲ್ಲ ಇನ್ಹೇಲರ್, ಖಾಲಿಯಾದವೂ ಸೇರಿ, ಮಗು ಬಳಸುವ ಅದೇ ಸ್ಪೇಸರ್ ಮತ್ತು ಮಾಸ್ಕ್, ಹಳೆಯ ಚೀಟಿ, ಎಕ್ಸ್‌ರೇಗಳು, ಕಳೆದ ವರ್ಷ ಎಷ್ಟು ಸಲ ಸ್ಟೀರಾಯ್ಡ್ ಸಿರಪ್ ಕುಡಿಸಿದ್ದೀರಿ, ಎಷ್ಟು ಸಲ ಅಡ್ಮಿಟ್ ಆಗಿದೆ ಎಂಬ ಲೆಕ್ಕ, ಮತ್ತು ಉಬ್ಬಸ ಏರಿದ ರಾತ್ರಿ ಮಗುವಿನ ಎದೆ ಕಾಣುವಂತೆ, ಸದ್ದು ಕೇಳುವಂತೆ ಮೊಬೈಲಿನಲ್ಲಿ ತೆಗೆದ ಒಂದು ನಿಮಿಷದ ವಿಡಿಯೊ.